ಕುಡುಗೋಲು ಕೊಕ್ಕಿನ ಹಕ್ಕಿ ಮೈ ವಾಲಿಸುವುದು ಯಾಕೆ

ಲೋಕ ಆಗಷ್ಟೇ ಹುಟ್ಟಿತ್ತು. ಗಂಜಿ ಹೋಗದ ಹೊಸ ಬಟ್ಟೆಯ ಹಾಗೆ ಎಲೆಗಳೆಲ್ಲ ಗರಿಗರಿಯಾಗಿದ್ದವು. ಗಾಳಿಗೆ ಮೆಲ್ಲಗೆ ಬೀಸುವುದು ಇನ್ನೂ ಬರುತ್ತಿರಲಿಲ್ಲ. ಹೊಳೆ, ಎಲ್ಲಿ ತಿರುಗಬೇಕೆಂದು ತಿಳಿಯದೆ, ಹೋದ ದಾರಿಯಲ್ಲೇ ಹಿಂದಕ್ಕೆ ಬರುತ್ತಿತ್ತು. ಆಗ ಸೂರ್ಯ ಹುಟ್ಟುವ ದಿಕ್ಕಿನ ಕಡಲಲ್ಲಿ, ಬೆಟ್ಟಗಳೇ ತುಂಬಿದ ಒಂದು ದೊಡ್ಡ ದ್ವೀಪದಲ್ಲಿ, ಒಂದು ಹಕ್ಕಿ ಇತ್ತು.

"ಅದೇನಾ ಅಜ್ಜಿ, ನನ್ ಹೆಸರಿನ ಹಕ್ಕಿ?" ಎಂದಳು ನನ್ನ ಮೊಮ್ಮಗಳು.

ಅದೇ. ಇಲ್ಲಿ ಕಥೆ ನಿಲ್ಲಿಸಿ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ. ನಮ್ಮ ಮನೆಯಲ್ಲಿ ಮಗು ಯಾವ ಸಂತರ ದಿನ ಹುಟ್ಟುತ್ತದೋ ಆ ಸಂತರ ಹೆಸರೇ ಅದಕ್ಕೆ. ಹೀಗೆ ನಮ್ಮಲ್ಲಿ ಅಂತೋಣಪ್ಪ, ಇನ್ನಾಸಮ್ಮ, ಚೌರಪ್ಪ ಎಲ್ಲ ಆಗಿಹೋದರು. ನಾನು ಮದಲೇನಮ್ಮ. ಇವಳು ಹುಟ್ಟಿದ್ದು ಮೇ ತಿಂಗಳ ಹತ್ತನೇ ತಾರೀಖು. ಚರ್ಚಿನ ಹಳೆಯ ಸಂತರ ಪುಸ್ತಕ ತೆರೆದರೆ ಆ ದಿನಕ್ಕೆ ಇಬ್ಬರಿದ್ದರು, ಸಂತ ಗೋರ್ದಿಯಾನರು ಮತ್ತು ಸಂತ ಎಪಿಮಾಕರು. ಎರಡರಲ್ಲಿ ಬಾಯಿಗೆ ಹಗುರವಾದದ್ದನ್ನು ನಾನೇ ಆರಿಸಿದೆ. ಜ್ಞಾನಸ್ನಾನದ ದಿನ ಸ್ವಾಮಿಗಳು ಎರಡು ಸಲ ಕೇಳಿ ಖಚಿತ ಮಾಡಿಕೊಂಡು ಮಗುವಿನ ತಲೆಗೆ ನೀರು ಹಾಕಿದರು. ಮಗು ಎಪಿಮಾಕಮ್ಮ ಆಯಿತು.

ಈಗ ಅದಕ್ಕೆ ಏಳು ವರ್ಷ. ಮೊನ್ನೆ ಸ್ಕೂಲಿಂದ ಬಂದವಳೇ ಬ್ಯಾಗು ಎಸೆದಳು. "ನಮ್ ಕ್ಲಾಸಲ್ಲಿ ಮೂರು ಜನ ಸ್ಟೆಲ್ಲಾ ಇದಾರೆ. ನನ್ ಹೆಸ್ರು ಮಾತ್ರೆ ಹೆಸ್ರಂತೆ. ಮೇರಿ ಅಂತ ಇಟ್ಟಿದ್ರೆ ನಿನ್ ಗಂಟೇನ್ ಹೋಗ್ತಿತ್ತಜ್ಜಿ?"

ನಾನು ಕೂರಿಸಿ ಹೇಳಿದೆ. ನೋಡು, ಇದು ಗ್ರೀಕರ ಕಾಲದ ಹೆಸರು. ಬೆಂಕಿಗೂ ಬಗ್ಗದ ಸಂತರ ಹೆಸರು. ಒಬ್ಬ ಎಂಜಿನಿಯರನ ಹೆಸರು, ಅವನು ಒಂಬತ್ತು ಅಂತಸ್ತಿನ ಗೋಪುರಕ್ಕೆ ಚಕ್ರ ಹಾಕಿ ಉರುಳಿಸಿದವನು. ಇಷ್ಟಕ್ಕೂ ಅವಳು ಮುಖ ಎತ್ತಲಿಲ್ಲ. ವಿಜ್ಞಾನದ ಪುಸ್ತಕದಲ್ಲಿ ಒಂದು ಹಕ್ಕಿಯ ಹೆಸರೂ ಹೌದು ಎಂದೆ ನೋಡಿ, ಆಗ ಎತ್ತಿದಳು.

ಹಕ್ಕಿಯ ವಿಷಯ ನನಗೆ ತಿಳಿದದ್ದು ನಮ್ಮೂರ ಸಿಸ್ಟರ್ ಪೆಲಾಜಿಯಾ ಅವರಿಂದ. ಅವರು ಆ ದ್ವೀಪದ ಬೆಟ್ಟದ ಶಾಲೆಯಲ್ಲಿ ಹನ್ನೆರಡು ವರ್ಷ ಪಾಠ ಹೇಳಿ ಬಂದವರು. ಹಕ್ಕಿಯ ರೂಪ, ಅದರ ಚಾಳಿ ಅವರು ಹೇಳಿದ್ದು. ಕಥೆ ಮಾತ್ರ ನನ್ನದು. ಇದನ್ನು ಯಾರೂ ಪರೀಕ್ಷೆಯಲ್ಲಿ ಬರೆಯಬೇಡಿ.

ಸರಿ, ಆ ಹಕ್ಕಿ. ಕಂದು ಬಣ್ಣದ್ದು, ಒಣಗಿದ ತೊಗಟೆಯ ಕಂದು. ಹೊಟ್ಟೆಯ ಮೇಲೆ ಗೆರೆ ಗೆರೆ. ಬಾಲ ಮೋಟು. ಕೊಕ್ಕು ಆಗ ನೆಟ್ಟಗಿತ್ತು, ಒಂದು ಮುಳ್ಳಿನಷ್ಟು.

ಅದಕ್ಕೆ ಮೊದಲ ಸಲ ಮೊಟ್ಟೆ ಆಯಿತು. ಒಂದೇ ಒಂದು. ಆ ಕಾಡಿನಲ್ಲಿ ಎಲ್ಲಕ್ಕಿಂತ ಮೊದಲು ಹುಟ್ಟಿದ ಮರದ ಕವಲಿನಲ್ಲಿ ಪಾಚಿ ಹಾಸಿ ಅದರ ಮೇಲೆ ಇಟ್ಟುಕೊಂಡಳು ಆ ತಾಯಿ. ಒಂದೇ ಆದ್ದರಿಂದ ಬಿಟ್ಟು ಏಳುತ್ತಲೇ ಇರಲಿಲ್ಲ. ಮೂರನೆಯ ದಿನ ಹಸಿವು ತಡೆಯಲಾರದೆ ಎದ್ದಳು. ಪಕ್ಕದ ಕೊಂಬೆಯ ಹಣ್ಣಿಗೆ ಕೊಕ್ಕು ಹಾಕಿದ್ದೇ ತಡ, ಗಾಳಿ ಬಂತು.

ಧಡಾರನೆ ಬಂತು. ಮೊಟ್ಟೆ ಉರುಳಿತು. ಕವಲಿನ ಪಕ್ಕದಲ್ಲೇ ಒಂದು ಪೊಟರೆಯ ಬಾಯಿ ತೆರೆದುಕೊಂಡಿತ್ತು. ಮೊಟ್ಟೆ ಅದರೊಳಗೆ ಬಿತ್ತು.

"ಅಯ್ಯೋ, ನಿನ್ ಮನೆ ಹಾಳಾಗ! ಏನ್ ಮಾಡ್ಬಿಟ್ಟೆ?" ಎಂದು ಕೂಗಿದಳು ತಾಯಿ.

"ನಾನು ಸುಮ್ನೆ ಈ ಕಡೆ ಹೋಗ್ತಿದ್ದೆ ಕಣಮ್ಮ," ಎಂದಿತು ಗಾಳಿ. "ಏನಾದ್ರೂ ಬಿತ್ತಾ?"

ತಾಯಿ ಪೊಟರೆಗೆ ತಲೆ ತೂರಿಸಿದಳು. ತಲೆ ಹೋಯಿತು, ಹೆಗಲು ಹೋಗಲಿಲ್ಲ. ಒಳಗೆ ಪೊಟರೆ ಕುಡುಗೋಲಿನ ಹಾಗೆ ಬಾಗಿ ಕೆಳಗಿಳಿದಿತ್ತು. ಬರೀ ಕತ್ತಲು. ಏನೂ ಕಾಣಲಿಲ್ಲ.

"ಒಡೆದಿಲ್ಲ ಕಣವ್ವ," ಎಂದಿತು ಮರ. "ನನ್ ಹೊಟ್ಟೇಲಿ ಪಾಚಿ ಇದೆ. ಅದರ ಮೇಲೆ ಬೆಚ್ಚಗೆ ಕೂತಿದೆ."

"ಹಂಗಾದ್ರೆ ಹೊಟ್ಟೆ ಬಿಚ್ಚಿ ಕೊಡಪ್ಪ."

"ಬಿಚ್ಚಿದ್ರೆ ನಾನು ಸೀಳಿ ಬೀಳ್ತೀನಿ. ನನ್ ಜೊತೆ ಅದೂ ಬೀಳುತ್ತೆ. ಬಿಸಿ ನಾನು ಕೊಡ್ತೀನಿ, ಊಟ ನೀನು ಕೊಡು. ನಾನು ಇನ್ನೂ ಬೆಳೀತಾ ಇದೀನಿ. ಒಂದಿನ ನೆತ್ತಿ ಹತ್ರ ದಾರಿ ತಾನಾಗೇ ಬಿಡುತ್ತೆ."

"ಯಾವತ್ತು?"

"ಮರಗಳನ್ನ ಯಾವತ್ತು ಅಂತ ಕೇಳ್ಬಾರ್ದು," ಎಂದಿತು ಮರ.

ಕೆಲವು ದಿನ ಕಳೆದ ಮೇಲೆ ಮರದ ಹೊಟ್ಟೆಯೊಳಗಿಂದ ಚಿಯ್ ಎಂದು ಒಂದು ಸಣ್ಣ ಸದ್ದು ಬಂತು. ತಾಯಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಣ್ಣು ಕಿತ್ತು ತಂದು ಪೊಟರೆಯೊಳಗೆ ಹಾಕಿದಳು. ಅದು ಬಾಗಿನಲ್ಲೇ ಸಿಕ್ಕಿಕೊಂಡಿತು. ಹುಳ ತಂದು ಹಾಕಿದಳು. ಅದೂ ಅಲ್ಲೇ ಉಳಿಯಿತು. ಬಾಯಿಗೆ ಬಾಯಿ ಇಟ್ಟು ಕೊಡದೆ ಬೇರೆ ದಾರಿ ಇರಲಿಲ್ಲ.

ಆದ್ದರಿಂದ ಅವಳು ಕೊಕ್ಕನ್ನು ಆ ಬಾಗಿನೊಳಗೆ ತುರುಕಿದಳು. ಇವತ್ತು ತುರುಕಿದಳು, ನಾಳೆ ತುರುಕಿದಳು, ನಾಳಿದ್ದೂ ತುರುಕಿದಳು. ದಿನಕ್ಕೆ ಇಪ್ಪತ್ತು ಸಲ. ನೆಟ್ಟಗಿದ್ದ ಕೊಕ್ಕು ಎಳೆದು ಎಳೆದು ಉದ್ದವಾಯಿತು, ಪೊಟರೆ ಬಾಗಿದ ಹಾಗೇ ಬಾಗಿತು. ಮರಿಯೂ ಕೆಳಗಿನಿಂದ ಕತ್ತು ಚಾಚಿ ಚಾಚಿ ಅಮ್ಮನ ಕಡೆಗೆ ಕೊಕ್ಕು ಎತ್ತುತ್ತಿತ್ತು. ಅದರ ಕೊಕ್ಕೂ ಹಾಗೇ ಬಾಗಿತು.

"ನೋವಾಗ್ಲಿಲ್ವಾ?" ಎಂದಳು ಎಪಿಮಾಕಮ್ಮ.

ಆಗದೆ ಇರುತ್ತದೆಯೇ? ಆಯಿತು. ಆದರೆ ಒಂದು ದಿನ ಆ ಕತ್ತಲಲ್ಲಿ ಅವಳ ಕೊಕ್ಕಿನ ತುದಿಗೆ ಇನ್ನೊಂದು ಪುಟ್ಟ ಕೊಕ್ಕಿನ ತುದಿ ತಾಗಿತು. ಅಷ್ಟೇ ತಾಗಿದ್ದು, ಒಂದು ಸಾಸಿವೆ ಕಾಳಿನಷ್ಟು ಜಾಗ. ಆಮೇಲೆ ಅವಳಿಗೆ ನೋವಿನ ಜ್ಞಾಪಕವೇ ಬರಲಿಲ್ಲ.

ಮರಿ ಬೆಳೆಯಿತು, ಮಾತು ಕಲಿಯಿತು. ಗಂಡು ಮರಿ. ಅವನು ಮೊದಲು ಕಲಿತ ಮಾತು "ತಗೋ". ಅಮ್ಮ ಪ್ರತಿ ತುತ್ತಿಗೂ ಅದನ್ನೇ ಹೇಳುತ್ತಿದ್ದಳಲ್ಲ. ಎರಡನೆಯದು "ಅಮ್ಮ". ಮಾತು ಪೂರ್ತಿ ಬಂದ ದಿನ ಅವನು ಒಂದು ಪ್ರಶ್ನೆ ಕೇಳಿದ.

"ಅಮ್ಮಾ, ನೀನು ಹೇಗಿದೀಯಾ?"

ತಾಯಿ ತಬ್ಬಿಬ್ಬಾದಳು. ತಾನು ಹೇಗಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ. "ನಾಳೆ ಹೇಳ್ತೀನಿ ಮಗಾ," ಎಂದು ಹೊಳೆಯ ಕಡೆ ಹಾರಿದಳು. ಹೊಳೆ ಆಗ ತಾನೇ ಒಂದು ಕಡೆ ಮಡುವಾಗಿ ನಿಲ್ಲುವುದನ್ನು ಕಲಿತಿತ್ತು. ಅವಳು ಬಗ್ಗಿ ನೋಡಿದಳು.

"ಇಷ್ಟೇನಾ?" ಎಂದಳು.

"ಇಷ್ಟೇ," ಎಂದಿತು ಹೊಳೆ. ಅದಕ್ಕೆ ಯಾರ ಮುಲಾಜೂ ಇಲ್ಲ. "ಕಂದು ಮೈ. ಗೆರೆ ಗೆರೆ. ಬಾಲ ಮೋಟು. ಕೊಕ್ಕು ಸೊಟ್ಟ."

"ಇದನ್ನ ಅವನಿಗೆ ಹೇಗ್ ಹೇಳ್ಲಿ?"

"ಇದ್ದದ್ದು ಇದ್ದ ಹಾಗೆ ಹೇಳು."

"ಅವನ ಹತ್ರ ಇರೋದೇ ಕತ್ತಲು," ಎಂದಳು ತಾಯಿ. "ಅದರ ಮೇಲೆ ಕಂದು ಬಣ್ಣ ಬೇರೆ ಹಾಕ್ಲಾ?"

ನನಗೆ ಇಲ್ಲಿ ಅವಳ ಮೇಲೆ ಸಿಟ್ಟು ಬರುತ್ತದೆ. ಮಗುವಿಗೆ ತಾಯಿ ಕಂದಾದರೇನು, ಕಪ್ಪಾದರೇನು? ಆದರೆ ಆಗಷ್ಟೇ ತನ್ನ ಮುಖ ನೋಡಿಕೊಂಡು ಬೇಸರಪಟ್ಟ ಹೆಂಗಸಿಗೆ ಇದನ್ನು ಯಾರು ಹೇಳಬೇಕು? ಹೊಳೆ ಹೇಳಲಿಲ್ಲ. ಗಾಳಿ ಅಲ್ಲಿರಲಿಲ್ಲ.

ಮರುದಿನ ಅವಳು ಪೊಟರೆಗೆ ತಲೆ ಹಾಕಿ, "ನನ್ ಎದೆ ನೀಲಿ ಕಣೋ," ಎಂದಳು.

"ನೀಲಿ ಅಂದ್ರೆ ಏನಮ್ಮ?"

ಕತ್ತಲಲ್ಲೇ ಹುಟ್ಟಿದವನಿಗೆ ನೀಲಿಯನ್ನು ಹೇಳುವುದು ಹೇಗೆ? ಅವಳು ಯೋಚಿಸಿದಳು. "ಬೆಳಿಗ್ಗೆ ನಿನಗೆ ಎಲೆ ಮೇಲಿನ ನೀರು ತಂದ್ಕೊಡ್ತೀನಲ್ಲ, ಕುಡಿದಾಗ ಗಂಟಲಲ್ಲಿ ತಣ್ಣಗೆ ಇಳಿಯುತ್ತಲ್ಲ? ಅದೇ ನೀಲಿ."

"ಅಬ್ಬಾ," ಎಂದ ಮಗ. "ನಿನ್ ಎದೆ ಪೂರ್ತಿ ಹಾಗಿದೆಯಾ?"

"ಪೂರ್ತಿ."

ಒಂದು ಸಲ ಶುರುವಾದ ಮೇಲೆ ನಿಲ್ಲಿಸುವುದು ಸುಲಭವೇ? ಅವನು ದಿನವೂ ಕೇಳಿದ. ಅವಳು ದಿನವೂ ಹೇಳಿದಳು. ಹಣ್ಣು ಹುಡುಕಲು ಹೋದಲ್ಲೆಲ್ಲ ಒಂದೊಂದು ಚೆಂದವನ್ನೂ ಹುಡುಕಿಕೊಂಡು ಬಂದಳು. ಗಾಳಿಗೆ ತಾನು ಮಾಡಿದ ತಪ್ಪು ಆಮೇಲೆ ತಿಳಿದು ಮುಖ ಸಣ್ಣದಾಗಿತ್ತು. ಅದು ದೂರದ ಕಡಲಿನ ಸುದ್ದಿ ತಂದುಕೊಟ್ಟಿತು. "ಸಂಜೆ ಹೊತ್ತು ನೀರು ಹೊಳೆಯುತ್ತೆ ಕಣಮ್ಮ, ಒಂದು ಕಡೆಯಿಂದ ನೋಡಿದ್ರೆ ಹಸಿರು, ಇನ್ನೊಂದು ಕಡೆಯಿಂದ ನೇರಳೆ," ಎಂದಿತು.

ಅವಳು ಹೋಗಿ ಮಗನಿಗೆ ಹೇಳಿದಳು. "ನನ್ ಬೆನ್ನು ಹೊಳೆಯುತ್ತೆ. ಹುಳಿ ಹಣ್ಣು ಕಚ್ಚಿದಾಗ ಮೈ ಜುಮ್ ಅನ್ನುತ್ತಲ್ಲ? ಅದನ್ನ ಕಣ್ಣಲ್ಲಿ ತಿಂದ್ರೆ ಹೊಳಪು."

ಇನ್ನೊಂದು ದಿನ ಹೇಳಿದಳು, "ನನ್ ಬಾಲ ಎಷ್ಟುದ್ದ ಗೊತ್ತಾ? ಒಂದು ಕೊಂಬೆ ಮೇಲೆ ಕೂತ್ರೆ ಕೆಳಗಿನ ಕೊಂಬೆಗೆ ಮುಟ್ಟುತ್ತೆ."

ಮತ್ತೊಂದು ದಿನ, "ನನ್ ಎದೆಯ ಎರಡು ಪಕ್ಕದಲ್ಲೂ ಗರಿಯ ಬೀಸಣಿಗೆ ಇದೆ. ಬೇಕಾದಾಗ ಬಿಚ್ತೀನಿ. ಬೇಡವಾದಾಗ ಮಡಚಿ ಇಟ್ಕೋತೀನಿ."

ಆ ಕತ್ತಲಲ್ಲಿ ಮಗುವಿಗೆ ಮಾಡಲು ಬೇರೆ ಏನು ಕೆಲಸ? ಅವನು ಕೇಳಿದ್ದನ್ನೇ ನೆನೆಯುತ್ತಿದ್ದ. ನಾನು ಅಮ್ಮನ ಮಗ, ಅಮ್ಮನ ಹಾಗೇ ಇರಬೇಕು ಎಂದುಕೊಳ್ಳುತ್ತಿದ್ದ. ಲೋಕ ಹೊಸದಾಗಿದ್ದಾಗ ಗರಿಗಳಿಗೂ ಕಿವಿ ಇತ್ತು. ಇನ್ನೂ ಮೂಡದ ಅವನ ಗರಿಗಳು ಆ ಮಾತುಗಳನ್ನು ಕೇಳಿಸಿಕೊಂಡವು. ಎದೆಯ ಗರಿ ನೀಲಿ ಕೇಳಿಸಿಕೊಂಡಿತು, ಬೆನ್ನಿನ ಗರಿ ಹೊಳಪು ಕೇಳಿಸಿಕೊಂಡಿತು, ಬಾಲದ ಗರಿ ಉದ್ದ ಕೇಳಿಸಿಕೊಂಡಿತು. ಕೇಳಿಸಿಕೊಂಡ ಹಾಗೇ ಬೆಳೆದವು.

ಇದು ತಾಯಿಗೆ ಗೊತ್ತಾಗಲಿಲ್ಲ. ಅವಳಿಗೂ ಕಾಣುತ್ತಿದ್ದದ್ದು ಅದೇ ಕತ್ತಲು ತಾನೇ? ಅವಳ ಮನಸ್ಸಿನಲ್ಲಿದ್ದ ಮಗ ತನ್ನ ಹಾಗೇ ಕಂದು, ತನ್ನ ಹಾಗೇ ಮೋಟು ಬಾಲ. ಅವಳಿಗೆ ಬೇಕಾಗಿದ್ದದ್ದು ಒಂದೇ. ಅವನು ಹೊರಗೆ ಬಂದು ಒಂದು ದಿನ ತನ್ನ ಪಕ್ಕದಲ್ಲಿ ಕೂರಬೇಕು. ಅವನ ಹೆಗಲು ತನ್ನ ಹೆಗಲಿಗೆ ತಾಗಬೇಕು. ಹಣ್ಣು ಕೊಡುವುದು, ಕಥೆ ಹೇಳುವುದು ಎಲ್ಲ ಆ ಒಂದು ದಿನಕ್ಕಾಗಿಯೇ ಇತ್ತು.

ಹೀಗಿರುವಾಗ ಮರ ಹೇಳಿತು, "ನೋಡವ್ವ, ನನ್ ನೆತ್ತಿ ಸಡಿಲ ಆಗ್ತಾ ಇದೆ. ದಾರಿ ಬಿಡೋ ಹಾಗಿದೆ. ಆ ಹುಡುಗನಿಗೆ ನಿಜ ಹೇಳೋದಿದ್ರೆ ಬೇಗ ಹೇಳ್ಬಿಡು."

ತಾಯಿ ಯೋಚನೆಗೆ ಬಿದ್ದಳು. ಹೇಳಬೇಕು, ನಿಜ. ಬರಿಗೈಯಲ್ಲಿ ಹೋಗಿ ಹೇಗೆ ಹೇಳುವುದು? ಆಚೆ ಬೆಟ್ಟದಲ್ಲಿ ಒಂದು ಕೆಂಪು ಹಣ್ಣು ಆಗುತ್ತಿತ್ತು. ಮಗನಿಗೆ ಅದೆಂದರೆ ಪ್ರಾಣ. ಅದನ್ನು ತಂದು ಬಾಯಿಗಿಟ್ಟು, ಅವನು ತಿನ್ನುತ್ತಿರುವಾಗ ಮೆಲ್ಲಗೆ ಹೇಳಿಬಿಡೋಣ ಎಂದು ಹೊರಟಳು.

ಆಚೆ ಬೆಟ್ಟ ಹತ್ತಿರವೇನಲ್ಲ. ದಾರಿಯಲ್ಲಿ ಮಂಜು ಮುಸುಕಿ ಅವಳಿಗೆ ದಿಕ್ಕು ತಪ್ಪಿತು. ಅದೇ ಹೊತ್ತಿಗೆ ಇಲ್ಲಿ ಮರದ ನೆತ್ತಿಯ ಒಣ ಕೊಂಬೆಯೊಂದು ಲಟಕ್ಕೆಂದು ಕಳಚಿ ಬಿತ್ತು. ಪೊಟರೆಯೊಳಗೆ ಮೇಲಿನಿಂದ ಬೆಳಕು ಇಳಿಯಿತು.

ಮಗ ಬೆಳಕನ್ನು ಹಿಡಿದುಕೊಂಡೇ ಮೇಲೆ ಹತ್ತಿ ಬಂದ. ಹೊರಗೆ ಕೂತ. ಕಣ್ಣು ಉಜ್ಜಿಕೊಂಡ. ಬಗ್ಗಿ ತನ್ನ ಎದೆ ನೋಡಿಕೊಂಡ. ಯಾರೂ ಹೇಳಿಕೊಡಬೇಕಾಗಿರಲಿಲ್ಲ, ನೋಡಿದ ಕೂಡಲೇ ಅವನ ಗಂಟಲು ತಣ್ಣಗಾಯಿತು.

"ಇದು ನೀಲಿ!" ಎಂದು ಕೂಗಿದ. "ನಾನು ಅಮ್ಮನ ಹಾಗೇ ಇದೀನಿ!"

"ಇಲ್ಲೇ ಇರಪ್ಪ, ಬರ್ತಾಳೆ," ಎಂದಿತು ಮರ.

ಅವನು ಕಾದ. ಮಧ್ಯಾಹ್ನದವರೆಗೂ ಕಾದ. ಎಳೆಯ ಕಾಲುಗಳಿಗೆ ಅದಕ್ಕಿಂತ ಹೆಚ್ಚು ಕಾಯುವುದು ಆಗಲಿಲ್ಲ. "ಅಮ್ಮನಿಗೆ ಏನೋ ಆಗಿದೆ. ನಾನೇ ಹೋಗಿ ಕರ್ಕೊಂಡ್ ಬರ್ತೀನಿ," ಎಂದು ಹಾರಿಹೋದ.

ಅವಳು ಕೆಂಪು ಹಣ್ಣು ಕಚ್ಚಿಕೊಂಡು ಬಂದಾಗ ಬಿಸಿಲು ಬಾಡಿತ್ತು. ಪೊಟರೆಗೆ ಕೊಕ್ಕು ಹಾಕಿದಳು. ತುದಿಗೆ ಏನೂ ತಾಗಲಿಲ್ಲ. ಇನ್ನಷ್ಟು ಒಳಗೆ ಹಾಕಿದಳು. "ತಗೋ ಮಗಾ, ತಗೋ," ಎಂದಳು. ಹಣ್ಣು ಬಾಗಿನಲ್ಲೇ ಉಳಿಯಿತು.

"ಹೊರಗ್ ಹೋದ ಕಣವ್ವ," ಎಂದಿತು ಮರ. "ಎಷ್ಟು ಚೆನ್ನಾಗಿದಾನೆ ಅಂತೀಯಾ! ನೀಲಿ ಎದೆ, ಮಾರುದ್ದ ಬಾಲ."

"ನೀನು ಬೇರೆ ಯಾರನ್ನೋ ನೋಡಿದೀಯಾ," ಎಂದಳು ತಾಯಿ. "ನನ್ನ ಹೊಟ್ಟೇಲಿ ಹುಟ್ಟಿದವನು ಹಾಗೆಲ್ಲಿಂದ ಇರ್ತಾನೆ? ಅವನು ಹೆದರಿ ಇನ್ನೂ ಒಳಗೆ ಹೋಗಿದಾನೆ. ಯಾವ ಪೊಟರೇಲಿ ಕೂತು ಹಸ್ಕೊಂಡಿದಾನೋ ನನ್ ಕಂದ."

ಅಂದಿನಿಂದ ಅವಳು ಕಾಡಿನ ಮರ ಮರವನ್ನೂ ಹುಡುಕಿದಳು. ಎಲ್ಲಿ ಬಿರುಕು ಕಂಡರೂ ಕೊಕ್ಕು ಹಾಕಿದಳು, ಎಲ್ಲಿ ಪಾಚಿ ಕಂಡರೂ ಎತ್ತಿ ನೋಡಿದಳು. ಹುಳ ಸಿಕ್ಕಿದರೆ ತಿಂದಳು, ಮಗ ಸಿಗಲಿಲ್ಲ. ತಲೆ ಸದಾ ಕತ್ತಲೆಯೊಳಗೆ. ಮೇಲಿನ ಕೊಂಬೆಯಲ್ಲಿ ನೀಲಿ ಎದೆಯ ಹಕ್ಕಿಯೊಂದು ಎಷ್ಟೋ ಸಲ ಹಾದುಹೋಯಿತು. ಅವಳು ಕತ್ತೆತ್ತಲಿಲ್ಲ.

ಅವನೂ ಹುಡುಕಿದ. ಬೆಳಕು ಹರಿಯುವ ಹೊತ್ತಿಗೆ ಎಲ್ಲಕ್ಕಿಂತ ಎತ್ತರದ ಕೊಂಬೆಯಲ್ಲಿ ಕೂತು ಕೂಗಿದ. ಪೊಟರೆಯೊಳಗೆ ಕೂಗಿ ಕೂಗಿ ಬೆಳೆದ ಗಂಟಲು, ಎರಡು ಬೆಟ್ಟ ದಾಟಿ ಕೇಳುತ್ತಿತ್ತು. ಆದರೆ ಪೊಟರೆಯ ಬಾಗಿನಲ್ಲಿ ಗುಂಯ್‌ಗುಡುತ್ತಿದ್ದ ಸ್ವರ ಹೊರಗೆ ಬೇರೆಯೇ ಆಗಿ, ಅವನ ಸ್ವರ ಅವಳಿಗೂ ಅವಳ ಸ್ವರ ಅವನಿಗೂ ಗುರುತು ಸಿಗುವ ಹಾಗಿರಲಿಲ್ಲ. ನೀಲಿ ಎದೆಯ, ಉದ್ದ ಬಾಲದ ತಾಯಿಯನ್ನು ಹುಡುಕಿದ. ಕೆಳಗಿನ ಕಾಂಡದಲ್ಲಿ ಕಂದು ಹಕ್ಕಿಯೊಂದು ಎಷ್ಟೋ ಸಲ ಸಿಕ್ಕಿತು. ಅವನು ನಿಂತು ನೋಡಲಿಲ್ಲ.

"ಇಬ್ರೂ ದಡ್ರು!" ಎಂದಳು ಎಪಿಮಾಕಮ್ಮ. ಅವಳ ಕಣ್ಣಲ್ಲಿ ನೀರು ತುಂಬಿತ್ತು.

ಹಾಗೆ ಒಂದು ಮಳೆಗಾಲ ಹೋಯಿತು. ಇನ್ನೊಂದು ಮಳೆಗಾಲವೂ ಹೋಯಿತು. ಒಂದು ಬೆಳಿಗ್ಗೆ ಅವಳು ಪಾಚಿ ಕಟ್ಟಿದ ಕಾಂಡದಲ್ಲಿ ಕೊಕ್ಕು ತುರುಕಿ ನಿಂತಿದ್ದಾಗ ಹಿಂದಿನಿಂದ ಯಾರೋ ಕರೆದರು.

"ದೊಡ್ಡಮ್ಮಾ, ಒಂದ್ನಿಮಿಷ. ನಮ್ಮಮ್ಮನ್ನ ಎಲ್ಲಾದ್ರೂ ನೋಡಿದ್ರಾ?"

ಅವಳು ತಿರುಗಿದಳು. ಅಂಥ ಚೆಂದದ ಹಕ್ಕಿಯನ್ನು ಅವಳು ಹುಟ್ಟಿದಾರಭ್ಯ ನೋಡಿರಲಿಲ್ಲ. ನಾಚಿಕೆಯಿಂದ ಸ್ವಲ್ಪ ಹಿಂದೆ ಸರಿದಳು. "ನಿಮ್ಮಮ್ಮ ಹೇಗಿದಾರಪ್ಪ?" ಎಂದಳು.

"ಎದೆ ನೀಲಿ," ಎಂದ ಅವನು. "ತಣ್ಣೀರು ಕುಡಿದಾಗ ಗಂಟಲಲ್ಲಿ ಇಳಿಯುತ್ತಲ್ಲ ದೊಡ್ಡಮ್ಮ, ಆ ನೀಲಿ. ಬೆನ್ನು ಹೊಳೆಯುತ್ತೆ, ಹುಳಿ ಹಣ್ಣನ್ನ ಕಣ್ಣಲ್ಲಿ ತಿಂದ ಹಾಗೆ."

ಆ ಮಾತನ್ನು ಲೋಕದಲ್ಲಿ ಆಡಿದವಳು ಒಬ್ಬಳೇ. ಕೇಳಿದವನೂ ಒಬ್ಬನೇ. ಅವಳು ಹಿಂದೆ ಸರಿದಷ್ಟೇ ಮುಂದೆ ಬಂದಳು. "ಕಣ್ಮುಚ್ಚು," ಎಂದಳು.

ಅವನು ಯಾಕೆಂದು ತಿಳಿಯದೆ ಕಣ್ಣು ಮುಚ್ಚಿದ. ಅವಳು ಮುಂದೆ ಬಗ್ಗಿ ತನ್ನ ಕೊಕ್ಕಿನ ತುದಿಯನ್ನು ಅವನ ಕೊಕ್ಕಿನ ತುದಿಗೆ ತಾಗಿಸಿದಳು. ಒಂದು ಸಾಸಿವೆ ಕಾಳಿನಷ್ಟು ಜಾಗ.

"ಅಮ್ಮಾ!" ಎಂದ ಅವನು.

ಕಣ್ಣು ಮುಚ್ಚಿಕೊಂಡೇ ಎಂದ. ಹಾಗೇ ನಿಂತರು. ಎಷ್ಟು ಹೊತ್ತೋ ಯಾರಿಗೆ ಗೊತ್ತು? ಗಾಳಿ ಅಂದು ಮೊದಲ ಸಲ ಉಸಿರು ಹಿಡಿದು ನಿಂತಿತು. ಮೆಲ್ಲಗಿರುವುದು ಹೇಗೆಂದು ಅದು ಕಲಿತದ್ದು ಅವತ್ತೇ.

ಆಮೇಲೆ ಅವನು ಕಣ್ಣು ಬಿಟ್ಟ. ಕಂದು ಮೈ ನೋಡಿದ. ಗೆರೆ ಗೆರೆ ಹೊಟ್ಟೆ ನೋಡಿದ. ಮೋಟು ಬಾಲ ನೋಡಿದ.

"ಅಮ್ಮಾ, ನಿನ್ ನೀಲಿ ಎಲ್ಲಿ ಹೋಯ್ತು?" ಎಂದ.

ಹೇಳಬೇಕಾಗಿದ್ದದ್ದು ಒಂದೇ ಮಾತು, ಇರಲೇ ಇಲ್ಲ ಮಗಾ ಎಂದು. ಅವಳು ಅದಕ್ಕೆಂದೇ ಬಾಯಿ ತೆರೆದಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ, ತುತ್ತಿಗೆ ಬಾಯಿ ಬಿಟ್ಟ ಮರಿಯ ಹಾಗೆ. ಅವಳಿಗೆ ಬಂದದ್ದು ಬೇರೆ ಮಾತು.

"ನಿನಗೆ ಕೊಟ್ಟೆ," ಎಂದಳು.

"ಸುಳ್ಳು!" ಎಂದು ಎದ್ದು ನಿಂತಳು ನನ್ನ ಮೊಮ್ಮಗಳು. "ಮತ್ತೆ ಸುಳ್ಳು ಹೇಳಿದ್ಲು!"

ಸುಳ್ಳೇ. ಪೂರ್ತಿ ಸುಳ್ಳೋ ಅಲ್ಲವೋ ನನಗೂ ಸರಿಯಾಗಿ ಗೊತ್ತಿಲ್ಲ. ಅವನ ಮೈಮೇಲೆ ಇದ್ದದ್ದೆಲ್ಲ ಅವಳು ಕೊಟ್ಟದ್ದೇ ತಾನೇ? ನಾನಾಗಿದ್ದರೆ ನಿಜ ಹೇಳುತ್ತಿದ್ದೆ ಎಂದು ಬಾಯಲ್ಲಿ ಹೇಳಬಹುದು. ಮಗ ಎದುರಿಗೆ ನಿಂತು ಕೇಳಿದಾಗ ಏನು ಹೇಳುತ್ತಿದ್ದೆನೋ, ದೇವರಿಗೇ ಗೊತ್ತು.

ಮಗ ಆ ಮಾತು ಕೇಳಿ ಕುಸಿದುಹೋದ. "ಪೂರ್ತಿ ಕೊಟ್ಬಿಟ್ಯಾ? ಬಾಲನೂ? ಬೀಸಣಿಗೆನೂ? ನನ್ನಿಂದ ನೀನು ಹೀಗಾದ್ಯಾ?" ಎಂದು ಅತ್ತ.

"ಅಳ್ಬೇಡ ಕಣೋ. ಬಾ ಇಲ್ಲಿ. ನನ್ ಪಕ್ಕ ಕೂತ್ಕೋ. ನನಗೆ ಅಷ್ಟೇ ಸಾಕು."

"ಹೇಗಮ್ಮ ಕೂರ್ಲಿ?" ಎಂದ ಅವನು. "ನಿಂದೆಲ್ಲ ನಾನು ಹಾಕ್ಕೊಂಡು, ನೀನು ಹೀಗಿರುವಾಗ, ನಿನ್ ಪಕ್ಕ ನನಗೆ ಕೂರಕ್ಕಾಗಲ್ಲ. ಮೊದ್ಲು ನಿಂದು ನಿನಗೆ ಕೊಟ್ಬಿಡ್ತೀನಿ. ಆಮೇಲೆ ಬಂದು ಕೂರ್ತೀನಿ."

ಹಾಗೆಂದು ಅವನು ಅವಳ ತಲೆಯ ಮೇಲಿನ ಕೊಂಬೆಗೆ ಹಾರಿದ. ಬೀಸಣಿಗೆಗಳನ್ನು ಅಗಲಕ್ಕೆ ಬಿಚ್ಚಿದ. ತುಂಬಿದ ಕೊಡದಿಂದ ನೀರು ಬಗ್ಗಿಸುವ ಹಾಗೆ ಇಡೀ ಮೈಯನ್ನು ಮೆಲ್ಲಗೆ ಒಂದು ಪಕ್ಕಕ್ಕೆ ವಾಲಿಸಿದ. ಎದೆಯ ನೀಲಿಯೆಲ್ಲ ಅಂಚಿಗೆ ಬಂದು ಮಿಂಚಿತು.

"ತಗೋ! ತಗೋ!" ಎಂದು ಕೂಗಿದ.

ಒಂದು ತೊಟ್ಟೂ ಬೀಳಲಿಲ್ಲ. ನೆಟ್ಟಗೆ ನಿಂತು, ಉಸಿರು ತೆಗೆದುಕೊಂಡು ಮತ್ತೆ ವಾಲಿಸಿದ. ಮತ್ತೆ ಬೀಳಲಿಲ್ಲ. ಬಾಲ ಕೊಡವಿದ. ಗರಿ ಅಲುಗಿಸಿದ. ಬಿಸಿಲು ಏರುವವರೆಗೆ ಇದೇ ಆಯಿತು.

ಕೆಳಗೆ ಕೂತಿದ್ದ ತಾಯಿಗೆ ಇನ್ನು ತಡೆಯಲಾಗಲಿಲ್ಲ. "ನಿಲ್ಸೋ, ನನ್ ಕಂದ!" ಎಂದು ಕೂಗಿದಳು. "ನಾನು ಸುಳ್ಳು ಹೇಳ್ದೆ. ನನಗೆ ನೀಲಿ ಇರಲೇ ಇಲ್ಲ. ನಾನು ಹುಟ್ಟಿದ್ದೇ ಹೀಗೆ. ನೀನು ಏನೂ ಕೊಡ್ಬೇಕಾಗಿಲ್ಲ, ಕೆಳಗೆ ಬಾ."

ಅವನು ಮೇಲಿನಿಂದ ಅವಳನ್ನು ನೋಡಿದ. ಅವನ ಮುಖದಲ್ಲಿ ಎಷ್ಟು ಪ್ರೀತಿ ಇತ್ತೆಂದರೆ, ಅವಳಿಗೆ ಅದನ್ನು ನೋಡುವುದೇ ಕಷ್ಟವಾಯಿತು.

"ನನ್ ಸಮಾಧಾನಕ್ಕೆ ಹಾಗ್ ಹೇಳ್ತೀಯಾ, ನನಗ್ ಗೊತ್ತು," ಎಂದ. "ನೀನು ಯಾವಾಗ್ಲೂ ಹಾಗೇ ಅಮ್ಮ. ಇವತ್ತು ಆಗ್ಲಿಲ್ಲ. ನಾಳೆ ಖಂಡಿತ ಕೊಡ್ತೀನಿ."

ಹೊಳೆ ಸಾಕ್ಷಿ ಹೇಳಿತು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಗಾಳಿ ಮೆಲ್ಲಗೆ ಬಂದು ತಿಳಿಸಿ ಹೇಳಿತು. ಮರ ಹೇಳಿತು. ಅವನು ಯಾರ ಮಾತನ್ನೂ ನಂಬಲಿಲ್ಲ. ಕತ್ತಲಲ್ಲಿ ಅಮ್ಮ ಹೇಳಿದ್ದನ್ನು ಬಿಟ್ಟು ಬೇರೆ ಏನನ್ನು ನಂಬುವುದೂ ಅವನಿಗೆ ಬರುತ್ತಿರಲಿಲ್ಲ.

"ಅಜ್ಜಿ, ಒಂದ್ ತೊಟ್ಟಾದ್ರೂ ಬೀಳುತ್ತಾ?" ಎಂದಳು ಎಪಿಮಾಕಮ್ಮ, ನನ್ನ ಸೀರೆಯ ಸೆರಗು ಹಿಡಿದುಕೊಂಡು.

ಇಲ್ಲ ಮರಿ, ಬೀಳುವುದಿಲ್ಲ.

ಅದಕ್ಕೇ ಆ ದ್ವೀಪದ ಬೆಟ್ಟದಲ್ಲಿ ಇವತ್ತಿಗೂ ಬೆಳಕು ಹರಿಯುವ ಹೊತ್ತಿಗೆ ಎತ್ತರದ ಕೊಂಬೆಯಲ್ಲಿ ಕುಡುಗೋಲು ಕೊಕ್ಕಿನ ನೀಲಿ ಹಕ್ಕಿ ಮೈಯನ್ನೆಲ್ಲ ಒಂದು ಪಕ್ಕಕ್ಕೆ ವಾಲಿಸಿ ಕೂಗುತ್ತಿರುತ್ತದೆ, ಕೆಳಗಿನ ಕೊಂಬೆಯಲ್ಲಿ ಒಂದು ಕಂದು ಹಕ್ಕಿ, ಪಕ್ಕದಲ್ಲಿ ಇನ್ನೊಂದು ಹಕ್ಕಿ ಕೂರುವಷ್ಟು ಜಾಗ ಬಿಟ್ಟುಕೊಂಡು, ಸುಮ್ಮನೆ ಮೇಲೆ ನೋಡುತ್ತಾ ಕೂತಿರುತ್ತದೆ.